ಫೀಟುಸ್‌ಗೆ ಮೂರು ತೋಪು

ಶವಪೆಟ್ಟಿಗೆಯನ್ನು ಚರ್ಚಿನ ಮುಂದಿನ ಕಲ್ಲುಕಟ್ಟೆಯ ಮೇಲಿಳಿಸಿ, ಹೊತ್ತಿದ್ದವರು ಬೆವರು ಒರೆಸಿಕೊಂಡರು. ಪಾದ್ರಿ ಇನ್ನೂ ಬಂದಿರಲಿಲ್ಲ. ಇದ್ದೊಬ್ಬ ಪಾದ್ರಿಗೆ ಸುತ್ತಲಿನ ಹಳ್ಳಿಗಳೆಲ್ಲ ಸೇರಿದ್ದವು. ಯಾವ ಊರಲ್ಲಿ ಯಾರ ಮಗುವಿನ ತಲೆಗೆ ಜ್ಞಾನಸ್ನಾನದ ನೀರು ಹಾಕುತ್ತ ನಿಂತಿದ್ದನೋ.

ಆಫ್ರಾ ಒಮ್ಮೆ ಗಂಡ ಫೀಟುಸ್‌ನ ಪೆಟ್ಟಿಗೆ ನೋಡಿದಳು, ಒಮ್ಮೆ ಕೆಳಗಿನ ಹುಲ್ಲುಗಾವಲು ನೋಡಿದಳು. ಅಲ್ಲಿ ಬೇಸಿಗೆ ಜಾತ್ರೆಗೆ ಬಿಯರ್ ಡೇರೆ ಎದ್ದಿತ್ತು. ಮಕ್ಕಳು ಕೂರುವ ತಿರುಗುವ ಮರದ ಕುದುರೆಗಳ ಮೇಲಿನ ಹೊದಿಕೆ ತೆಗೆದಿದ್ದರು. ಅಂಗಡಿ ಅಂಗಡಿಯಿಂದ ಹೊಗೆ ಏಳುತ್ತಿತ್ತು. ಡೇರೆ ಬಾಗಿಲಿನ ಮೂಲೆಯೊಂದರಲ್ಲಿ ಮಾತ್ರ ಇಲ್ಲ. ಅದು ಅವಳೂ ಗಂಡನೂ ಮೀನು ಸುಟ್ಟು ಮಾರುತ್ತಿದ್ದ ಜಾಗ.

"ಅತ್ತಿಗೆ, ಅಷ್ಟು ಸಲ ತಿರುಗಿ ನೋಡಿದ್ರೆ ಕತ್ತು ಉಳುಕುತ್ತೆ," ಎಂದಳು ಫೀಟುಸ್‌ನ ತಂಗಿ ನೊತ್‌ಬುರ್ಗಾ.

"ಹನ್ನೆರಡಕ್ಕೆ ತೋಪು ಕಣೆ."

"ನಾಳೆ ಮಣ್ಣು ಮಾಡಬಹುದಿತ್ತಪ್ಪ."

"ನಾಳೆ ಪಾದ್ರಿಗೆ ಬಿಡುವಿಲ್ಲ. ಸೋಮವಾರ ಅಂದ. ಈ ಸೆಕೇಲಿ ಸೋಮವಾರದ ತನಕ ಹೇಗಿಡೋದು ನಿಮ್ಮಣ್ಣನ್ನ? ಮೀನು ಮಾರೋ ಹೆಂಗಸಿಗೆ ಅಷ್ಟೂ ಗೊತ್ತಾಗಲ್ವಾ?"

ನೊತ್‌ಬುರ್ಗಾ ಕರವಸ್ತ್ರ ಬಾಯಿಗೊತ್ತಿಕೊಂಡಳು. ದೂರದಿಂದ ನೋಡಿದವರು ಅಳುತ್ತಿದ್ದಾಳೆ ಅಂದುಕೊಂಡಿರಬೇಕು.

ಆಫ್ರಾಳಿಗೆ ನಗು ಬರಲಿಲ್ಲ. ಜಾತ್ರೆ ಶುರುವಾಗುವ ತೋಪು ಹಾರಿದಾಗ ಯಾರ ಒಲೆಯಲ್ಲಿ ಬೆಂಕಿ ಇಲ್ಲವೋ ಅವರ ಜಾಗ ಹೋಯಿತು; ಆ ಊರಿನ ಹಳೆಯ ಕಟ್ಟಳೆ ಅದು. ಹೊತ್ತಿಸುವವರು ಅಂಗಡಿಯ ಮನೆಯವರೇ ಆಗಬೇಕು, ಹೊತ್ತಿಸಿ ಬಿಟ್ಟುಹೋಗುವಂತೆಯೂ ಇಲ್ಲ. ಅವಳಿಗೂ ಫೀಟುಸ್‌ಗೂ ಮಕ್ಕಳಿರಲಿಲ್ಲ; ಮದುವೆಯಾಗಿ ಹೋದ ನೊತ್‌ಬುರ್ಗಾ ಮನೆಯವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂಬತ್ತಕ್ಕೆ ಪ್ರಾರ್ಥನೆ, ಹತ್ತಕ್ಕೆ ಮಣ್ಣು, ಆಮೇಲೆ ಇಳಿದುಹೋಗಿ ಒಲೆ ಹೊತ್ತಿಸುವುದು ಎಂದು ಲೆಕ್ಕ ಹಾಕಿದ್ದಳು. ಪಾದ್ರಿ ಮಾತ್ರ ಅವಳ ಲೆಕ್ಕದೊಳಗೆ ಸಿಕ್ಕಿರಲಿಲ್ಲ.

*

ಒಂದು ವರ್ಷ ಜಾತ್ರೆಯ ನಟ್ಟನಡುವೆ ಆಲಿಕಲ್ಲು ಬಿತ್ತು. ಜನ ಬಿಯರ್ ಲೋಟ ಎದೆಗವಚಿಕೊಂಡು ಡೇರೆಗೆ ಓಡಿದರು. ಮದುವೆಯಾಗಿ ಎರಡೇ ತಿಂಗಳಾಗಿದ್ದ ಆಫ್ರಾ ಹೊಸ ಲಂಗ ತೋಯಿಸಿಕೊಂಡು ನಿಂತಿದ್ದಳು. ಫೀಟುಸ್ ಎಲ್ಲಿಂದಲೋ ದೊಡ್ಡ ಕೊಡೆ ತಂದು ಬಿಚ್ಚಿದ. ಬಿಚ್ಚಿ, ಒಲೆಯ ಬೆಂಕಿಯ ಮೇಲೆ ಹಿಡಿದ.

"ನಾನಿಲ್ಲಿದ್ದೀನಿ!" ಎಂದು ಅವಳು ಕೂಗಿದಳು.

"ನೀನು ಆರಿಹೋಗಲ್ವಲ್ಲ," ಎಂದ.

ಆಮೇಲೆ ಎಷ್ಟೋ ವರ್ಷ, ಜಗಳ ಬಂದಾಗಲೆಲ್ಲ ಆ ಕೊಡೆ ಬಂತು. ಅವನು ಜಗಳಗಂಟನಲ್ಲ. ಕಡ್ಡಿಗೆ ಬಂಗುಡೆ ಮೀನು ಚುಚ್ಚುವುದು, ಕೆಂಡದ ಬದಿಗೆ ಓರೆಯಾಗಿ ನಿಲ್ಲಿಸುವುದು, ತಿರುಗಿಸುವುದು. ಇಷ್ಟೇ ಅವನ ಬೇಸಿಗೆ. ಚಳಿಗಾಲದಲ್ಲಿ ಕಡ್ಡಿ ಕೆತ್ತುತ್ತಿದ್ದ. ಜಾತ್ರೆಗೂ ಸಾವಿಗೂ ತೋಪು ಹಾರಿಸುವ ಊರಿನ ಸಂಘದಲ್ಲಿ ಯಾರು ಸತ್ತರೂ ಟೊಪ್ಪಿಗೆಗೆ ಗರಿ ಸಿಕ್ಕಿಸಿ, ಕೈಯಲ್ಲೇ ಹಿಡಿದು ಹಾರಿಸುವ ತನ್ನ ಗಿಡ್ಡ ತೋಪು ಹೊತ್ತು ಚರ್ಚಿನ ಗುಡ್ಡ ಹತ್ತುತ್ತಿದ್ದ. ಬಂದು ಒಂದೇ ಮಾತು ಹೇಳುತ್ತಿದ್ದ: "ಚೆನ್ನಾಗಿ ಕಳಿಸಿದ್ವಿ."

*

ಪಾದ್ರಿ ಏದುಸಿರು ಬಿಡುತ್ತ ಬಂದ. ಪ್ರಾರ್ಥನೆ ಮುಗಿದು ಪೆಟ್ಟಿಗೆ ಗುಂಡಿಯ ಬಳಿ ಬರುವಷ್ಟರಲ್ಲಿ ಹನ್ನೊಂದೂವರೆ ದಾಟಿತ್ತು. ಸಂಘದ ಮುಖಂಡ ಕೊರ್ಬಿನಿಯಾನ್ ಟೊಪ್ಪಿಗೆ ಕೈಯಲ್ಲಿ ಹಿಡಿದು ಆಫ್ರಾಳ ಪಕ್ಕಕ್ಕೆ ಸರಿದ.

"ಒಂದು ಮಾತು ಆಫ್ರಾ. ಅವನಿಗೂ ಮೂರು ತೋಪು, ಜಾತ್ರೆಗೂ ಮೂರು ತೋಪು. ಅದೇ ಗುಡ್ಡ, ಅದೇ ನಾವು. ಈಗ ಹಾರಿಸಿದ್ರೆ ಕೆಳಗಿನೋರು ಜಾತ್ರೇದೇ ಅಂದ್ಕೋತಾರೆ."

ಆಫ್ರಾ ಕೆಳಗಿನ ಹೊಗೆಯಿಲ್ಲದ ಮೂಲೆಯತ್ತ ನೋಡಿದಳು. "ಗೀಸೆಲ್‌ಗೆ ಫೋನ್ ಮಾಡು." ಗೀಸೆಲ್ ಎಂದರೆ ಜಾತ್ರೆಯ ಯಜಮಾನ.

"ಮಾಡ್ದೆ. ಎತ್ತುತ್ತಿಲ್ಲ. ಆ ಗಲಾಟೇಲಿ ಅವನಿಗೆಲ್ಲಿ ಕೇಳಿಸ್ಬೇಕು? ಸೋಮವಾರ ಬಂದು ಹಾರಿಸ್ತೀವಿ ಬಿಡು. ಫೀಟುಸ್ ಏನು ಬೇಡ ಅಂತಾನಾ?"

"ಅವನು ಯಾವತ್ತು ಏನನ್ನ ಬೇಡ ಅಂದಿದ್ದ?"

ಈಗಲೇ ಓಡಿದರೆ ಮೂಲೆ ಉಳಿಯುತ್ತದೆ ಎಂದು ಅವಳ ಕಾಲುಗಳು ಹೇಳುತ್ತಿದ್ದವು. ಓಡಿದರೆ ಮಣ್ಣು ಹಾಕಲು ಹೆಂಡತಿ ಇರುವುದಿಲ್ಲ. ತೋಪು ನಿಲ್ಲಿಸಿದರೆ ಅವನು ಸದ್ದಿಲ್ಲದೆ ಇಳಿಯುತ್ತಾನೆ. ಪೆಟ್ಟಿಗೆ ಇಳಿಯುವಾಗ ಹಾರಿದ್ದೇ ತೋಪು, ಆಮೇಲಿನದು ಬರೀ ಸದ್ದು. ಆ ಮೂಲೆ ಹೋದರೆ ಅವಳಿಗೆ ವರ್ಷದ ಊಟ ಹೋದಂತೆ. ಸಾಸೇಜು ಮಾರುವ ಹಾಸ್ಲಿಂಗರ್ ಅದರ ಮೇಲೆ ಕಣ್ಣಿಟ್ಟು ಎಷ್ಟು ಕಾಲವಾಯಿತೋ. ಹಗ್ಗ ಹಿಡಿದವರು ಅವಳನ್ನೇ ನೋಡುತ್ತಿದ್ದರು.

"ಹಾರಿಸು."

"ಜಾಗ ಹೋಗುತ್ತೆ ಮಾರಾಯ್ತಿ."

"ಹಾರಿಸು ಅಂದ್ನಲ್ಲ! ನನ್ನ ಧೈರ್ಯ ಇಳಿಯೋಕೆ ಮುಂಚೆ ಹಾರಿಸು."

ಪೆಟ್ಟಿಗೆ ಇಳಿಯಿತು. ಮೊದಲ ತೋಪಿಗೆ ಚರ್ಚಿನ ಪಾರಿವಾಳಗಳೆಲ್ಲ ಎದ್ದವು. ಎರಡನೆಯದು ಎದೆಯೊಳಗೇ ಹಾರಿದಂತಾಯಿತು. ಮೂರನೆಯದರ ಸದ್ದು ಅಡಗುವ ಮೊದಲೇ ಕೆಳಗಿನಿಂದ ಹೋ ಎಂದು ಕೇಕೆ ಎದ್ದಿತು. ಕುದುರೆಗಳು ತಿರುಗತೊಡಗಿದವು, ಡೇರೆಯಲ್ಲಿ ತುತ್ತೂರಿ ಮೊಳಗಿತು. ಪಾದ್ರಿ ಅರ್ಧ ಪ್ರಾರ್ಥನೆಯಲ್ಲಿ ತಡವರಿಸಿದ; ಆ ಕುಣಿತದ ಮಟ್ಟು ಅವನ ನಾಲಗೆಗೆ ಅಡ್ಡ ಬರುತ್ತಿತ್ತು.

ಆಫ್ರಾ ಮಣ್ಣು ಹಾಕಿದಳು. ಕೈ ಕೊಡವುತ್ತ ತಿರುಗಿದಾಗ, ಹಾಸ್ಲಿಂಗರ್‌ನ ಗಾಡಿ ಜನರ ನಡುವೆ ದಾರಿ ಮಾಡಿಕೊಂಡು ಮೂಲೆಯ ಕಡೆಗೆ ಉರುಳುತ್ತಿತ್ತು.

*

"ತೋಪು ಫೀಟುಸ್‌ದು ಅಂತ ನಂಗೆ ಹೊಳೀಲೇ ಇಲ್ಲ ಆಫ್ರಾ, ದೇವರಾಣೆ," ಎಂದ ಗೀಸೆಲ್. "ಆದ್ರೆ ಬೆಂಕಿ ಇರಲಿಲ್ಲ. ಒಂದು ಸಲ ಬಿಟ್ರೆ ಎಲ್ಲರೂ ಕೇಳ್ತಾರೆ. ಆ ತುದೀಲಿ ಒಂದು ಜಾಗ ಇದೆ, ತೊರೆ ಪಕ್ಕ."

ತೊರೆ ಪಕ್ಕ ಎಂದರೆ ಪಾಯಿಖಾನೆಗಳ ಹಿಂದೆ. ಹಾಸ್ಲಿಂಗರ್ ಮೂಲೆಯಲ್ಲಿ ತಲೆಯೆತ್ತದೆ, ಆಗಲೇ ಬೆಂದ ಸಾಸೇಜುಗಳನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದ. ಆಫ್ರಾ ಕಬ್ಬಿಣದ ಒಲೆಯ ಒಂದು ತುದಿ ಹಿಡಿದಳು, ಇನ್ನೊಂದು ತುದಿ ನೊತ್‌ಬುರ್ಗಾ.

"ಇಲ್ಲಿಗೆ ಯಾರು ಬರ್ತಾರೆ ಅತ್ತಿಗೆ? ಉಚ್ಚೆ ಹೊಯ್ಯೋಕೆ ಬಂದೋರಷ್ಟೆ."

"ಅವರಿಗೂ ಹಸಿವಾಗುತ್ತೆ. ಇದ್ದಿಲು ಹಾಕು."

ತೊರೆಯ ಗಾಳಿಗೆ ಎರಡು ಬೆಂಕಿಕಡ್ಡಿ ಆರಿದವು. ಮೂರನೆಯದು ಹಿಡಿಯಿತು. ಕೆಂಡವಾಗುವ ತನಕ ಅವಳು ತಲೆಯೆತ್ತಲಿಲ್ಲ. ಗಿರಾಕಿಗಳಿಲ್ಲದ ಖಾಲಿ ಹುಲ್ಲು ನೋಡಲು ಅವಳಿಗೆ ಭಯವಿತ್ತು. ಮೀನು ಚುಚ್ಚಿ ಸಾಲಾಗಿ ನಿಲ್ಲಿಸಿದಳು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಚುರ್ ಎಂದಿತು.

"ನಂಗೆ ಒಂದು. ಬಾಲ ಗರಿಗರಿ ಆಗ್ಲಿ," ಎಂದಿತು ಒಂದು ದನಿ.

ಕೊರ್ಬಿನಿಯಾನ್. ಅವನ ಹಿಂದೆ ಸಂಘದವರು. ಅವರ ಹಿಂದೆ ಪೆಟ್ಟಿಗೆ ಹೊತ್ತವರು, ಅತ್ತೆ ಕಡೆಯ ಮುದುಕಿಯರು, ಗಂಟಲು ಒಣಗಿದ ಪಾದ್ರಿ.

"ಮಣ್ಣಿಗೆ ಬಂದೋರ ಊಟಕ್ಕೆ ಛತ್ರದಲ್ಲಿ ಸಾರು ಕಾಯ್ತಿದೆ ನಿಮಗೆಲ್ಲ," ಎಂದಳು ಆಫ್ರಾ. "ದನದ ಮಾಂಸಾನೂ ಹೇಳಿದ್ದೀನಿ. ಹೋಗಿ."

"ಸಾರು ಕಾಯ್ಲಿ. ನೀನು ಮೀನು ತಿರುಗಿಸು, ಸೀದು ಹೋಗ್ತಿದೆ."

ಅವರ ಸಾಲು ಪಾಯಿಖಾನೆ ದಾಟಿ, ಬಣ್ಣದ ಲಂಗಗಳ ನಡುವೆ ಕಪ್ಪಗೆ ಹರಿದು, ತಿರುಗುವ ಕುದುರೆಗಳನ್ನು ಬಳಸಿ, ಹಾಸ್ಲಿಂಗರ್‌ನ ಗಾಡಿಯ ಮುಂದೆಯೇ ಹೋಗಿ ಡೇರೆಯ ಬಾಗಿಲು ಮುಟ್ಟಿತ್ತು. ಗಾಳಿ ತಿರುಗಿ ಹೊಗೆ ನೇರ ಅವರ ಮುಖಕ್ಕೆ ಹೊಡೆಯಿತು. ಕಪ್ಪು ಬಟ್ಟೆಯವರು ಕೆಮ್ಮಿದರು, ಕಣ್ಣೊರೆಸಿಕೊಂಡರು. ಒಬ್ಬರೂ ಸಾಲು ಬಿಟ್ಟು ಕದಲಲಿಲ್ಲ.