ಮನೆಯಲ್ಲೇ ಇದ್ದ ಅಮ್ಮ, ಹಸಿದಿದ್ದ ಮಗು

"ಮನೇಲೇ ಇರ್ತೀಯಲ್ಲ, ಇನ್ನೇನು ಬೇಕು ನಿಂಗೆ?"

ಹೆರಿಗೆ ರಜೆ ಮುಗಿಸಿ ಮತ್ತೆ ಕೆಲಸಕ್ಕೆ ಕುಳಿತ ದಿನದಿಂದ ಆ ತಾಯಿ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದಳೋ. ಗಂಡ ಹೇಳಿದ. ಅತ್ತೆ ಹೇಳಿದರು. ಹೆತ್ತ ತಾಯಿಯೂ ಫೋನಿನಲ್ಲಿ ಅದನ್ನೇ ಹೇಳಿದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಮಗು ಆಸ್ಪತ್ರೆ ಸೇರಿತು.

ಅವಳ ಕೆಲಸ ಹೀಗಿತ್ತು. ಫ್ರಿಜ್ ತಯಾರಿಸುವ ಒಂದು ಕಂಪನಿಗೆ ಬರುವ ದೂರಿನ ಕರೆಗಳಿಗೆಲ್ಲ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಅವಳು ಉತ್ತರ ಕೊಡಬೇಕು. ಮಲಗುವ ಕೋಣೆಯಲ್ಲಿ ಬೀರುವಿಗೂ ಕಿಟಕಿಗೂ ನಡುವೆ ಒಂದು ಮೇಜು, ಅದರ ಮೇಲೆ ಕಂಪನಿಯ ಕಂಪ್ಯೂಟರ್, ತಲೆಗೆ ಹೆಡ್‌ಫೋನ್. ಒಂದು ಕರೆ ಮುಗಿದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಬಂದು ಕಿವಿಯಲ್ಲಿ ಕೂರುತ್ತಿತ್ತು. ಎದ್ದು ಹೋದರೆ ಪರದೆಯ ಮೂಲೆಯ ಹಸಿರು ಚುಕ್ಕಿ ಕೆಂಪಾಗುತ್ತಿತ್ತು. ಐದು ನಿಮಿಷ ಕೆಂಪಾಗಿದ್ದರೆ ಟೀಮ್ ಲೀಡರ್ ಸಂದೇಶ: "ಎಲ್ಲಿದ್ದೀರಿ?" ಮಾತಿನ ಹಿಂದೆ ಮಗುವಿನ ಅಳು ಕೇಳಿಸಿದರೆ ಅದನ್ನೂ ತಪ್ಪೆಂದು ಬರೆದುಕೊಳ್ಳುತ್ತಿದ್ದರು. ಹಾಗಾಗಿ ಅವಳು ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಬಾಗಿಲಿನಾಚೆ ಅತ್ತೆಯ ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಮನೆಯವರೆಲ್ಲ ಅದನ್ನು ಗುಬ್ಬಿ ಎಂದು ಕರೆಯುತ್ತಿದ್ದರು.

ಗಂಡ ಲಿಫ್ಟ್ ಮೆಕ್ಯಾನಿಕ್. ಎಂಟಕ್ಕೆ ಮನೆ ಬಿಟ್ಟರೆ ಬರುವುದು ಕತ್ತಲಾದ ಮೇಲೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಹತ್ತು ನಿಮಿಷ ತಡೆಯಲಾರರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಸಿದ ಮಗು ಎಷ್ಟು ಹೊತ್ತು ತಡೆದೀತು ಎಂದು ಮಾತ್ರ ಅವನು ಯೋಚಿಸಿರಲಿಲ್ಲ. ಅತ್ತೆ ಇಪ್ಪತ್ತೆರಡು ವರ್ಷ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರು. ಕೈ ಸುಮ್ಮನಿರದು, ಬಾಯಿಯೂ ಸುಮ್ಮನಿರದು.

ಮೊದಲ ವಾರವೇ ಅತ್ತೆ ಬಾಗಿಲು ತಟ್ಟಿದರು.

"ಗುಬ್ಬಿ ಕೈ ಚೀಪ್ತಾ ಇದೆ ಕಣೇ, ಹಾಲು ಕೊಡು."

ಅವಳು ಮೈಕಿಗೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದಳು. "ಹತ್ತು ನಿಮಿಷ ತಡೀರಿ ಅತ್ತೆ, ಕರೆಯಲ್ಲಿದ್ದೀನಿ."

ಹತ್ತು ಹೋಗಿ ನಲವತ್ತಾಯಿತು. ಅಷ್ಟರಲ್ಲಿ ಮಗು ಅತ್ತು ಅತ್ತು ಸುಸ್ತಾಗಿ ನಿದ್ದೆ ಹೋಗಿತ್ತು. ಮಾರನೆಯ ದಿನವೂ ಹಾಗೇ. ಹಿಂದೆ ದಿನಕ್ಕೆ ಎಂಟು ಒಂಬತ್ತು ಸಲ ಕುಡಿಯುತ್ತಿದ್ದ ಮಗು ಈಗ ನಾಲ್ಕು ಸಲ ಕುಡಿದರೆ ಹೆಚ್ಚು.

ಒಂದು ಮಧ್ಯಾಹ್ನ ಒಬ್ಬ ಗಿರಾಕಿ ಫೋನಿನಲ್ಲಿ ಕೂಗಾಡುತ್ತಿದ್ದ. "ನಿಮ್ಮ ಫ್ರಿಜ್‌ನಿಂದ ಎರಡು ಲೀಟರ್ ಹಾಲು ಹಾಳಾಯ್ತು ಕಣ್ರೀ! ಯಾರು ಜವಾಬ್ದಾರಿ? ಹೇಳಿ, ಯಾರು?"

"ತೊಂದರೆಯಾಗಿದ್ದಕ್ಕೆ ಕ್ಷಮಿಸಿ ಸರ್," ಎಂದಳು. ಅವಳ ಎದೆಹಾಲು ಒಸರಿ ಕುರ್ತಾದ ಮುಂಭಾಗವೆಲ್ಲ ಒದ್ದೆಯಾಗಿತ್ತು. ಗೋಡೆಯಾಚೆ ಗುಬ್ಬಿ ಅಳುತ್ತಿತ್ತು. ಆ ಹಾಲಿಗೆ ಯಾರು ಜವಾಬ್ದಾರಿ ಎಂದು ಅವಳು ಯಾರಿಗೆ ಫೋನ್ ಮಾಡಿ ಕೇಳಬೇಕಿತ್ತು?

ಎರಡನೆಯ ವಾರ ಎಡ ಎದೆಯಲ್ಲಿ ಗಂಟು ಕಾಣಿಸಿತು. ಮುಟ್ಟಿದರೆ ಜೀವ ಹೋಗುವಂಥ ನೋವು. ಮೈ ಕೆಂಡದಂತೆ ಸುಡುತ್ತಿತ್ತು. ಜ್ವರದಲ್ಲೇ ಅವಳು ಕರೆ ತೆಗೆದುಕೊಂಡಳು.

ಅತ್ತೆ ನೋಡಿ ಹೌಹಾರಿದರು. "ಕಟ್ಟಿಕೊಂಡಿರೋ ಹಾಲು ಕೆಟ್ಟಿರುತ್ತೆ. ಆ ಕಡೆ ಮಗುಗೆ ಕೊಡ್ಲೇಬೇಡ."

ಸಂಜೆ ಗಂಡ ಹಾಲಿನ ಪುಡಿಯ ಡಬ್ಬಿ, ಬಾಟಲಿ ತಂದ. "ಸುಮ್ನೆ ಯಾಕೆ ಒದ್ದಾಡ್ತೀಯ? ಇದನ್ನ ಕೊಡೋಣ. ಮಗುಗೂ ಹೊಟ್ಟೆ ತುಂಬುತ್ತೆ, ನಿಂಗೂ ಆರಾಮ."

"ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತ ಹೆರಿಗೆ ಆಸ್ಪತ್ರೆ ಸಿಸ್ಟರ್ ಹೇಳಿದ್ರಲ್ಲ ರೀ," ಎಂದಳು.

"ಸಿಸ್ಟರ್ ಬಂದು ನಿನ್ನ ಕರೆ ತಗೋತಾರಾ?" ಎಂದು ಅತ್ತೆ ಕೇಳಿದರು. "ನನ್ನ ಮಗನ್ನ ಡಬ್ಬಿ ಹಾಲಲ್ಲೇ ಸಾಕಿದ್ದು. ನೋಡು, ಕಂಬದ ಹಾಗೆ ನಿಂತಿದ್ದಾನೆ."

ಅವಳಿಗೆ ವಾದ ಮಾಡಲು ತ್ರಾಣವಿರಲಿಲ್ಲ. ಮಾತ್ರೆ ನುಂಗಿ ಮಲಗಿದಳು. ಮಾರನೆಯ ದಿನದಿಂದ ಗುಬ್ಬಿಯ ಬಾಯಿಗೆ ಬಾಟಲಿ ಬಂತು. ಮಗು ಎದೆ ಬಿಟ್ಟಿತು, ಹಾಲು ಇಳಿಯಿತು. ಹತ್ತೇ ದಿನದಲ್ಲಿ ಹಿಂಡಿದರೂ ನಾಲ್ಕು ಹನಿ ಬರುವುದು ಕಷ್ಟವಾಯಿತು.

ಮೂರನೆಯ ವಾರ ಮಗುವಿಗೆ ಭೇದಿ ಶುರುವಾಯಿತು. "ಹಲ್ಲು ಬರೋ ಮುಂಚೆ ಹೀಗೇ," ಎಂದರು ಅತ್ತೆ. ಎರಡನೆಯ ದಿನ ಊಟದ ಬಿಡುವಿನಲ್ಲಿ ತಾಯಿ ಗುಬ್ಬಿಯನ್ನು ಎತ್ತಿಕೊಂಡಳು. ಮಗು ಒಗೆದು ಹಿಂಡಿದ ಬಟ್ಟೆಯ ಹಾಗಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಅಳುತ್ತಿತ್ತು, ಕಣ್ಣೀರಿರಲಿಲ್ಲ.

"ಅತ್ತೆ, ಉಚ್ಚೆ ಯಾವಾಗ ಮಾಡಿದ್ದು?"

ಅತ್ತೆ ಬೆರಳು ಎಣಿಸಿದರು. ಎಣಿಸುತ್ತಾ ಅವರ ಮುಖ ಬಿಳಿಚಿಕೊಂಡಿತು. "ಬೆಳಿಗ್ಗೆಯಿಂದ... ಇಲ್ಲ ಕಣೇ."

ಹೆಡ್‌ಫೋನ್ ಮೇಜಿನ ಮೇಲೆ ಬಿದ್ದಿತ್ತು. ಕೆಂಪು ಚುಕ್ಕಿ ಉರಿಯುತ್ತಲೇ ಇತ್ತು. ಅವಳು ಮಗುವನ್ನು ಎದೆಗವಚಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದಳು.

ಆಸ್ಪತ್ರೆಯಲ್ಲಿ ಮಗುವಿನ ಪುಟ್ಟ ಕೈಯಲ್ಲಿ ನರ ಸಿಗಲಿಲ್ಲ. ಮೂರು ಕಡೆ ಚುಚ್ಚಿ ನಾಲ್ಕನೆಯದಾಗಿ ಕಾಲಿಗೆ ಡ್ರಿಪ್ ಹಾಕಿದರು. "ಇನ್ನರ್ಧ ದಿನ ತಡವಾಗಿದ್ರೆ ನಾನೇನೂ ಹೇಳೋಕಾಗ್ತಿರ್ಲಿಲ್ಲ," ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಮಕ್ಕಳ ವಾರ್ಡಿನ ಹಿರಿಯ ಸಿಸ್ಟರ್ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಬಾಟಲಿ ಯಾರು ತೊಳೀತಿದ್ರಿ?"

"ನಾನೇ. ಬಿಸಿನೀರಲ್ಲಿ ಅಲ್ಲಾಡಿಸಿ ಇಡ್ತಿದ್ದೆ," ಎಂದರು ಅತ್ತೆ.

"ಕುದಿಸ್ತಿದ್ರಾ?"

ಅತ್ತೆ ಇಲ್ಲವೆಂದು ತಲೆಯಾಡಿಸಿದರು.

"ಪುಡಿ ಎಷ್ಟು ಹಾಕ್ತಿದ್ರಿ?"

"ನಾಲ್ಕು ಚಮಚ ಅಂತ ಡಬ್ಬಿ ಮೇಲಿತ್ತು. ಮಗು ಹೊಟ್ಟೆಗೆ ಭಾರ ಅಂತ ಎರಡೇ ಹಾಕ್ತಿದ್ದೆ. ಉಳಿದಿದ್ದನ್ನ ಮಧ್ಯಾಹ್ನಕ್ಕೆ ಇಡ್ತಿದ್ದೆ. ಹಾಲು ಚೆಲ್ಲೋಕೆ ಮನಸ್ಸು ಬರ್ತಿರ್ಲಿಲ್ಲ ಸಿಸ್ಟರ್."

"ಅಂದ್ರೆ ಮಗುಗೆ ಸಿಕ್ಕಿದ್ದು ನೀರು ಅಮ್ಮ, ಅದೂ ಕೊಳೆ ನೀರು." ಸಿಸ್ಟರ್ ಮಾತಿನಲ್ಲಿ ಬೆಣ್ಣೆ ಹಚ್ಚುವವರಲ್ಲ.

ತಾಯಿ ಕೇಳಿದಳು. "ಗಂಟು ಕಟ್ಟಿದ ಕಡೆ ಹಾಲು ಕೆಟ್ಟಿರುತ್ತೆ ಅಂದ್ರು ಸಿಸ್ಟರ್."

"ಕೆಟ್ಟಿರಲ್ಲ. ಗಂಟಾದಾಗ ಆ ಕಡೆ ಕುಡಿಸೋದನ್ನ ನಿಲ್ಲಿಸಲೇಬಾರದು. ಮಗು ಕುಡೀಲಿಲ್ಲ ಅಂದ್ರೆ ಕೈಯಲ್ಲಿ ಮೆಲ್ಲಗೆ ಹಿಂಡಬೇಕು. ಜ್ವರ ಬಂದ್ರೆ ತಾನೇ ಹೋಗುತ್ತೆ ಅಂತ ಕೂರದೆ ಡಾಕ್ಟರ್ ಹತ್ರ ಬರಬೇಕು. ಎದೆ ಬರಿದಾದಷ್ಟೂ ಹಾಲು ಬರುತ್ತೆ, ತುಂಬಿಕೊಂಡೇ ಇದ್ರೆ ಕಡಿಮೆಯಾಗುತ್ತೆ."

"ಕೆಲಸದ ಹೊತ್ತಲ್ಲಿ ಏನು ಮಾಡ್ಲಿ?"

"ಕೈ ಸೋಪಲ್ಲಿ ತೊಳ್ಕೊಂಡು, ಕುದಿಸಿದ ಲೋಟಕ್ಕೆ ಹಾಲು ಹಿಂಡಿ ಮುಚ್ಚಿಡಿ. ತಂಪಾದ ಕೋಣೇಲಿ ನಾಲ್ಕು ಗಂಟೆ ಇರುತ್ತೆ. ಸೆಕೆ ಇದ್ರೆ ಅಷ್ಟು ಹೊತ್ತು ಹೊರಗಿಡಬೇಡಿ. ಫ್ರಿಜ್ಜಲ್ಲಿ ಒಳಗಡೆ ಇಟ್ರೆ ನಾಲ್ಕು ದಿನದೊಳಗೆ ಕೊಡಬಹುದು. ಒಲೆ ಮೇಲೆ ಕಾಯಿಸೋದು ಬೇಡ, ಬಿಸಿನೀರಿನ ಪಾತ್ರೇಲಿ ಲೋಟ ಇಟ್ರೆ ಸಾಕು. ಬಾಟಲಿ ಬೇಡ. ಅಜ್ಜಿ ಲೋಟದಲ್ಲೋ ಚಮಚದಲ್ಲೋ ಕುಡಿಸಲಿ. ಮಗು ಕುಡಿದು ಮಿಕ್ಕಿದ್ದು ಚೆಲ್ಲಿಬಿಡಿ."

ಅತ್ತೆ ತಟ್ಟನೆ ಎದ್ದು ಕಿಟಕಿಯ ಹತ್ತಿರ ಹೋದರು. ಬೆನ್ನು ತೋರಿಸಿಯೇ ಮಾತಾಡಿದರು.

"ನನ್ನ ಮಗನಿಗೆ ಎರಡು ತಿಂಗಳಿದ್ದಾಗ ನಾನು ಹೊಲಿಗೆ ಮಿಷನ್ ಮುಂದೆ ಕೂತಿದ್ದೆ. ಎದೆ ಬಿಗಿದು ತಡೆಯೋಕಾಗ್ತಿರ್ಲಿಲ್ಲ. ಊಟದ ಬಿಡುವಲ್ಲಿ ಬಚ್ಚಲಲ್ಲಿ ನಿಂತು ಹಿಂಡಿ, ನಲ್ಲಿ ಬಿಟ್ಟು ತೊಳೆದುಬಿಡ್ತಿದ್ದೆ. ದಿನಾ. ಇದನ್ನ ತೆಗೆದಿಡಬಹುದು ಅಂತ ಒಬ್ಬರೂ ಹೇಳ್ಲಿಲ್ಲ ಸಿಸ್ಟರ್." ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಇವಳು ಕಷ್ಟ ಅಂದಾಗೆಲ್ಲ ನಂಗೆ ಸಿಟ್ಟು ಬರ್ತಿತ್ತು. ನಾನು ಕಾರ್ಖಾನೇಲಿ ಪಟ್ಟಿದ್ದಕ್ಕಿಂತ ಇದೇನು ದೊಡ್ಡದು ಅಂತ."

ಬಾಗಿಲಲ್ಲಿ ನಿಂತಿದ್ದ ಮಗ ಇದನ್ನೆಲ್ಲ ಕೇಳಿಸಿಕೊಂಡ. ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಅವನಿಗೆ ಇದು ಗೊತ್ತಿರಲಿಲ್ಲ.

"ನನ್ನ ಹಾಲು ಮತ್ತೆ ಬರುತ್ತಾ ಸಿಸ್ಟರ್?" ಎಂದು ಸೊಸೆ ಕೇಳಿದಳು.

"ಮಗುನ ಮೈಗೆ ಮೈ ತಾಗಿಸಿ ಮಲಗಿಸ್ಕೊಂಡು ದಿನಕ್ಕೆ ಹತ್ತು ಸಲ ಎದೆಗೆ ಹಚ್ಚಿ. ಆಮೇಲೆ ಹಿಂಡಿ. ಪೂರ್ತಿ ಬರುತ್ತೆ ಅಂತ ಸುಳ್ಳು ಹೇಳಲ್ಲ. ಪ್ರಯತ್ನ ಮಾಡೋಣ."

ಮನೆಗೆ ಬಂದ ಮೇಲೆ ಗಂಡ ಕೂತು ಕಂಪನಿಗೆ ಪತ್ರ ಬರೆಸಿದ: ಹಾಲುಣಿಸಲು ಬೆಳಿಗ್ಗೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಇಪ್ಪತ್ತು ನಿಮಿಷ ಬಿಡುವು ಬೇಕು. ಟೀಮ್ ಲೀಡರ್ ಫೋನ್ ಮಾಡಿದಳು.

"ಮನೆಯಿಂದ ಕೆಲಸ ಕೊಟ್ಟಿರೋದೇ ದೊಡ್ಡ ಸೌಲಭ್ಯ ಅಲ್ವಾ ಮೇಡಂ?"

"ನನ್ನ ಮಗು ಡ್ರಿಪ್ ಹಾಕಿಸ್ಕೊಂಡು ಬಂದಿದೆ. ನಂಗೆ ಬಿಡುವು ಬೇಕು. ಬರವಣಿಗೇಲಿ ಉತ್ತರ ಕೊಡಿ," ಎಂದಳು ತಾಯಿ. ಅವಳ ದನಿ ನಡುಗಲಿಲ್ಲ. ಹೆದರಿಕೆಯನ್ನೆಲ್ಲ ಆಸ್ಪತ್ರೆಯಲ್ಲೇ ಖರ್ಚು ಮಾಡಿ ಬಂದಿದ್ದಳು.

ಬಿಡುವು ಸಿಕ್ಕಿತು. ಪಾಳಿಯ ಕೊನೆಗೆ ನಲವತ್ತು ನಿಮಿಷ ಕೆಲಸ ಸೇರಿಸಿದರು. ಕಂಪನಿಯ ದೊಡ್ಡ ಮನಸ್ಸು ಅಷ್ಟೇ ಇತ್ತು.

ಈಗ ಗಂಡ ಕೆಲಸಕ್ಕೆ ಹೊರಡುವ ಮುಂಚೆ ಲೋಟ, ಚಮಚ ಕುದಿಸಿಡುತ್ತಾನೆ. ಅತ್ತೆ ಮಗು ಅಳುವ ತನಕ ಕಾಯುವುದಿಲ್ಲ. ಬಾಯಿ ಚಪ್ಪರಿಸಿದರೆ ಸಾಕು, ಬಿಡುವಿನ ಹೊತ್ತಾದರೆ ಎತ್ತಿಕೊಂಡು ಬಂದು ಸೊಸೆಯ ಮಡಿಲಲ್ಲಿ ಹಾಕುತ್ತಾರೆ, ಇಲ್ಲದಿದ್ದರೆ ಅವಳು ಹಿಂಡಿಟ್ಟ ಹಾಲನ್ನು ಚಮಚದಲ್ಲಿ ಕುಡಿಸುತ್ತಾರೆ. ಪಕ್ಕದ ಮನೆಯಾಕೆ ಒಮ್ಮೆ "ಮನೇಲೇ ಇರೋ ಸೊಸೆಗೆ ಇಷ್ಟೆಲ್ಲ ಸೇವೆನಾ?" ಎಂದು ನಕ್ಕಾಗ ಅತ್ತೆ, "ಹೌದು ಕಣಮ್ಮ, ಮೊದಲೇ ಮಾಡ್ಬೇಕಿತ್ತು," ಎಂದು ಬಾಗಿಲು ಹಾಕಿಕೊಂಡರು.

ಗುಬ್ಬಿ ಬದುಕಿತು. ಆದರೆ ಎದೆಹಾಲು ಅರ್ಧ ಮಾತ್ರ ಮರಳಿ ಬಂತು. ಎಡಗಡೆ ಬಹುತೇಕ ಬತ್ತಿಯೇ ಹೋಯಿತು. ಉಳಿದರ್ಧಕ್ಕೆ, ಸಿಸ್ಟರ್ ತೋರಿಸಿಕೊಟ್ಟ ಹಾಗೆ ಅಳತೆ ತಪ್ಪದೆ, ಎಲ್ಲವನ್ನೂ ಕುದಿಸಿ, ಪುಡಿ ಹಾಲನ್ನೇ ಕೊಡುತ್ತಿದ್ದಾರೆ. ತೂಕ ಇನ್ನೂ ವಯಸ್ಸಿಗೆ ತಕ್ಕಷ್ಟಾಗಿಲ್ಲ. "ಸರಿಹೋಯ್ತಲ್ಲ ಬಿಡು," ಎಂದು ಎಲ್ಲರೂ ಅನ್ನುತ್ತಾರೆ. ಬಲಗಡೆ ಕುಡಿದು ಮುಗಿಸಿದ ಮಗು ಇನ್ನೂ ಬೇಕೆಂದು ಬಾಯಿ ತೆರೆದು ಹುಡುಕುವಾಗ ತಾಯಿ ಮುಖ ತಿರುಗಿಸಿಕೊಳ್ಳುತ್ತಾಳೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಹಾಲು ಸಾಲದು ಎಂದು ನೀವೇ ತೀರ್ಮಾನಿಸಬೇಡಿ. ಮಗು ದಿನಕ್ಕೆ ಆರು ಸಲ ಚೆನ್ನಾಗಿ ಉಚ್ಚೆ ಮಾಡಿ, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಅನುಮಾನವಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ. ಎದೆಹಾಲು ಕೊಡಲಾಗದಿದ್ದರೆ ನಾಚಬೇಡಿ, ಪುಡಿ ಹಾಲು ಬೆರೆಸುವ ಸರಿಯಾದ ಕ್ರಮವನ್ನು ಅಲ್ಲೇ ಕಲಿಯಿರಿ. ಭೇದಿಯಾದ ಮಗು ಉಚ್ಚೆ ಮಾಡದಿದ್ದರೆ, ಕಣ್ಣು ಗುಳಿಬಿದ್ದರೆ, ಒಂದು ಗಳಿಗೆಯೂ ಕಾಯಬೇಡಿ.

ಗಂಡಂದಿರೇ, ಅತ್ತೆಯಂದಿರೇ, ಕೆಲಸ ಕೊಟ್ಟ ದಣಿಗಳೇ, ಮನೆಯಲ್ಲಿ ಕೂತು ದುಡಿಯುವವಳೂ ದುಡಿಯುವವಳೇ. ಅವಳಿಗೂ ಬಿಡುವು ಬೇಕು, ಕೈಗೊಂದು ಕೈ ಬೇಕು. ಮಗುವಿನ ಹಸಿವು ಅವಳೊಬ್ಬಳ ತಲೆನೋವಲ್ಲ. ಈ ಹಾಳೆಯನ್ನು ಮಡಚಿಡುವ ಮುನ್ನ ನಿಮ್ಮ ಮನೆಯ ಬಾಣಂತಿಯನ್ನು ಕೇಳಿ: "ಮಗು ಕೊನೆಯ ಸಲ ಹಾಲು ಕುಡಿದು ಎಷ್ಟು ಹೊತ್ತಾಯ್ತು?"

ಅವಳು ಉತ್ತರ ಹೇಳುವ ಮುಂಚೆಯೇ ಅಳತೊಡಗಿದರೆ, ನೀವು ಆಗಲೇ ತಡಮಾಡಿದ್ದೀರಿ. ಇನ್ನೂ ತಡಮಾಡಬೇಡಿ.