ಒಂಬತ್ತು ಗಜದ ಸೀರೆಗೊಂದು ಮೈ

ಪುಣೆಯ ಸದಾಶಿವ ಪೇಠದಲ್ಲಿ, ಹತ್ತಾರು ಬಾಡಿಗೆ ಕೋಣೆಗಳ ಒಂದು ಹಳೇ ವಾಡೆಯಲ್ಲಿ ಅನುಸೂಯಾ ಎಂಬ ಧಾರವಾಡದ ಹೆಂಗಸೊಬ್ಬಳು ಇದ್ದಳು. ಇದ್ದಳು ಅಂದರೆ ಇದ್ದಳು, ಅಷ್ಟೇ. ಬೆಳಿಗ್ಗೆ ವಿಮಾ ಕಚೇರಿಗೆ ಹೊರಟಾಗ ಬೀಗ ಹಾಕಿದ ಸದ್ದು, ಸಂಜೆ ಬಂದಾಗ ಅದೇ ಬೀಗ ತೆಗೆದ ಸದ್ದು. ಅವಳ ದನಿ ಹೇಗಿದೆಯೆಂದು ವಾಡೆಯಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ವಯಸ್ಸು ಮೂವತ್ತಾರು, ಮದುವೆ ಆಗಿರಲಿಲ್ಲ. ತಂದೆ ತಾಯಿ ತೀರಿಕೊಂಡ ಮೇಲೆ ವರ್ಗ ಮಾಡಿಸಿಕೊಂಡು ಪುಣೆಗೆ ಬಂದವಳು. ಊರ ಕಡೆಯವರು ವಿಚಾರಿಸಿದರೆ "ಒಬ್ಬಾಕಿಗೇ ಆರಾಮ ಅದರಿ" ಅನ್ನುತ್ತಿದ್ದಳು. ಆರಾಮವಂತೆ, ಆರಾಮ! ರವಿವಾರ ಬಂತೆಂದರೆ ಅವಳ ಜೀವ ಹಿಂಡಿ ಹೋಗುತ್ತಿತ್ತು.

ಆ ರವಿವಾರಗಳಿಗೆ ಹೆದರಿಯೇ ಅವಳು ತೊಂಬತ್ತೇಳರಲ್ಲಿ ರಂಗಭೂಮಿಯ ಉಡುಗೆಯ ಇತಿಹಾಸ ಕಲಿಸುವ ಒಂದು ವರ್ಷದ ತರಗತಿಗೆ ಸೇರಿದ್ದು. ಕಲಿಸುತ್ತಿದ್ದ ನೀರಜಾ ಬಾಯಿ ಗೋಡೆಯ ಮೇಲೆ ಹಳೇ ನಾಟಕ ಕಂಪನಿಗಳ ಚಿತ್ರ ಬಿಡುತ್ತಿದ್ದರು. ಮಖಮಲ್ಲಿನ ಕೋಟು, ಕಾಲಿಗೆ ಉದ್ದನೆಯ ಮೋಜಾ ಹಾಕಿಕೊಂಡ ದುರ್ಯೋಧನನನ್ನು ನೋಡಿ ಹುಡುಗಿಯರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಮೀಸೆ ಬೋಳಿಸಿ, ಒಂಬತ್ತು ಗಜದ ಸೀರೆಯುಟ್ಟು ನಾಯಿಕೆಯಾಗಿ ನಿಂತ ಗಂಡಸರನ್ನು ಅನುಸೂಯಾ ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ರಂಗದ ಮೇಲೆ ಸೀರೆ ನೋಡಿದೊಡನೆ ಜನಕ್ಕೆ ತಿಳಿಯುತ್ತಿತ್ತಂತೆ, ಇವಳು ಯಾರ ಹೆಂಡತಿ, ಯಾರ ವಿಧವೆ, ಯಾರ ಮನೆಯ ಸೊಸೆ ಅಂತ. ತನ್ನ ಪಾಲಿಸ್ಟರ್ ಸೀರೆ ನೋಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ ಅನ್ನಿಸಿ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಉಡಿಸುವ ಅಭ್ಯಾಸ ಜೋಡಿಯಲ್ಲಿ. ಹುಡುಗಿಯರೆಲ್ಲ ಮೊದಲ ದಿನವೇ ತಮ್ಮ ತಮ್ಮ ಜೋಡಿ ಹಿಡಿದುಬಿಟ್ಟರು. ಬೆಸ ಸಂಖ್ಯೆಯ ತರಗತಿಯಲ್ಲಿ ಉಳಿದವಳು ಇವಳೇ. ಇರಲಿ ಬಿಡಿ, ನನಗೆ ನಾನೇ ಉಡಿಸಿಕೊಂಡು ಕಲಿಯುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಮೂಲೆಯ ಕನ್ನಡಿ ಹಿಡಿದಳು. ವರ್ಷವಿಡೀ ತನಗೆ ತಾನೇ ಉಡಿಸಿಕೊಂಡಳು. ಕೈ ಚೆನ್ನಾಗಿಯೇ ಕುದುರಿತು.

ಆದರೆ ಕೊನೆಯ ಪರೀಕ್ಷೆಗೆ ಜೋಡಿ ನಡೆಯುವುದಿಲ್ಲ, ಪ್ರತಿಯೊಬ್ಬರೂ ಮನೆಯಿಂದ ಯಾರನ್ನಾದರೂ ಕರೆತಂದು ಅವರಿಗೆ ಉಡಿಸಬೇಕು ಎಂದರು ನೀರಜಾ ಬಾಯಿ. ಸಾಯಲಿ ಎಂಬ ಹುಡುಗಿಯ ಮನೆಯಲ್ಲಿ ಅಮ್ಮ, ಅತ್ತೆ, ಚಿಕ್ಕಮ್ಮ ನಾ ಮುಂದು ತಾ ಮುಂದು ಅಂತ ಜಗಳಕ್ಕೇ ನಿಂತರಂತೆ. ಅನುಸೂಯಾ ಕಚೇರಿಯ ಇಂದೂಳನ್ನು ಕೇಳಿದಳು. ಇಂದೂ ನಕ್ಕು, ಗೊಂಬೆಯ ಹಾಗೆ ನಿಲ್ಲಲು ನನಗೆ ಪುರುಸೊತ್ತೆಲ್ಲಿದೆ ಮಾರಾಯ್ತಿ ಅಂದಳು. ಅಲ್ಲಿಗೆ ಪುಣೆಯಲ್ಲಿ ಅವಳಿಗೆ ಗೊತ್ತಿದ್ದ ಜನ ಮುಗಿದರು. ಇಷ್ಟು ದೊಡ್ಡ ಊರಿನಲ್ಲಿ ತನ್ನೆದುರು ಒಂದು ತಾಸು ನಿಲ್ಲುವವರು ಯಾರೂ ಇಲ್ಲವಲ್ಲ ಎಂದು ಆ ಸಂಜೆ ಅವಳು ಒಲೆ ಹಚ್ಚದೆ ಕೂತು ಅತ್ತಳು.

ಉಳಿದವಳು ಎದುರು ಕೋಣೆಯ ರಂಗೂಬಾಯಿ. ಅವಳೋ ವೈರಿ! ಮಕ್ಕಳಿಲ್ಲದ, ಗಂಡ ಸತ್ತ ಮುದುಕಿ, ಸಂಡಿಗೆ ಮಾಡಿ ಅಂಗಡಿಗೆ ಹಾಕುವವಳು. ಹಿಂದೊಮ್ಮೆ ಅನುಸೂಯಾ ಒಗೆದು ಹರವಿದ ಅಭ್ಯಾಸದ ಒಂಬತ್ತು ಗಜದ ಸೀರೆ, ಕೆಳಗೆ ಅಂಗಳದಲ್ಲಿ ಒಣಗಲು ಇಟ್ಟಿದ್ದ ಸಂಡಿಗೆಯ ಮೇಲೆ ತೊಟ್ಟಿಕ್ಕಿತ್ತು. ರಂಗೂಬಾಯಿ ಅಂಗಳದಲ್ಲಿ ನಿಂತು ಮರಾಠಿಯಲ್ಲಿ ಮನಸಾರೆ ಬೈದು, ಒಳಗೆ ಹೋಗುವಾಗ ತನ್ನ ತಾಯ್ನುಡಿ ಕನ್ನಡದಲ್ಲಿ, "ಕಲ್ಲಿನಂಥಾಕಿ, ಬಾಯಾಗ ಮಾತೇ ಇಲ್ಲ" ಎಂದು ಗೊಣಗಿದ್ದಳು. ಅನುಸೂಯಾ ತಾನೂ ಕನ್ನಡದವಳೆಂದು ತೋರಗೊಡದೆ ಸೀರೆ ತೆಗೆದುಕೊಂಡು ಒಳಗೆ ನಡೆದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ.

ಈಗ ಬೇರೆ ದಾರಿ ಇರಲಿಲ್ಲ. ಅನುಸೂಯಾ ಮುದುಕಿಯ ಬಾಗಿಲಲ್ಲಿ ನಿಂತು, "ರಂಗೂಬಾಯಾರ, ಒಂದ ಕೆಲಸ ಆಗ್ಬೇಕಾಗಿತ್ರಿ" ಅಂದಳು.

"ಅಯ್ಯ ನಿನ್ನ! ಕನ್ನಡದಾಕಿ ಏನ ನೀ? ಹಂಗಾರ ನಾ ಬೈದದ್ದೆಲ್ಲ ತಿಳದದ?"

"ತಿಳದದರಿ."

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿ ಅಲುಗಾಡಿ ನಕ್ಕಳು. ವಿಷಯ ಕೇಳಿದ ಮೇಲೆ ನಗು ನಿಂತಿತು. "ನನಗ ಸೀರಿ ಉಡಸ್ತೀಯೇನು? ಮದಿವ್ಯಾಗ ಉಡಿಸಿದ್ರ ಉಡಿಸಿದ್ರು. ಆಮ್ಯಾಲ ಯಾರ್ ಉಡಸ್ಯಾರವಾ ನನಗ? ಬರ್ತೀನಿ ನಡಿ."

ಅಂದೇ ಅಭ್ಯಾಸಕ್ಕೆ ನಿಲ್ಲಿಸಿಕೊಂಡರೆ, ಅಯ್ಯೋ ದೇವರೇ, ಎಲ್ಲವೂ ಉಲ್ಟಾ! ಎದುರು ನಿಂತು ಉಡಿಸಿದಳು. ಸೆರಗು ಬಲ ಹೆಗಲಿಗೆ ಹೋಯಿತು, ನಿರಿಗೆಗಳು ತಿರುಗಿ ಕೂತವು. ಬಿಚ್ಚಿ ಮತ್ತೆ ಉಡಿಸಿದಳು, ಮತ್ತೆ ಅದೇ. ವರ್ಷವಿಡೀ ತನ್ನ ಮೈಗೇ ಉಡಿಸಿದ ಕೈಗೆ ಎದುರಿನ ಮೈ ಗೊತ್ತೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳಿಗೆ ಹೊಳೆಯಿತು, ಹಿಂದೆ ನಿಂತು ಎರಡೂ ಕೈ ಮುಂದೆ ಚಾಚಿದರೆ ತನಗೆ ಉಟ್ಟುಕೊಂಡಂತೆಯೇ ಆಗುತ್ತದೆ. ಹಾಗೆ ಮಾಡಲು ರಂಗೂಬಾಯಿಯ ಬೆನ್ನಿಗೆ ಎದೆ ತಾಗಿಸಿ, ಹೆಗಲ ಮೇಲೆ ಗದ್ದ ಇಡಬೇಕಾಯಿತು. ಮುದುಕಿಯ ಮೈಯಿಂದ ಇಂಗಿನ ವಾಸನೆ ಬರುತ್ತಿತ್ತು. ಅವ್ವ ಹೋದ ಮೇಲೆ ಇನ್ನೊಂದು ಮೈಯನ್ನು ಇಷ್ಟು ಹತ್ತಿರ ಮುಟ್ಟಿರಲಿಲ್ಲ. ಅನುಸೂಯಾಗೆ ಭಯವೇ ಆಯಿತು. ನಿರಿಗೆ ಮಾತ್ರ ಸರಿಯಾಗಿ ಕೂತಿತು.

ಪರೀಕ್ಷೆಯ ದಿನ ರಂಗೂಬಾಯಿ ಬೆಳಿಗ್ಗೆಯೇ ಎರೆದುಕೊಂಡು, ಮುಖಕ್ಕೆ ಪೌಡರ್ ಹಚ್ಚಿಕೊಂಡು ಸಿದ್ಧಳಾಗಿದ್ದಳು. ನಲ್ಲಿಯ ಹತ್ತಿರ ಸಿಕ್ಕಸಿಕ್ಕವರಿಗೆಲ್ಲ, ನಮ್ಮ ಅನುಸೂಯಾದು ಇವತ್ತು ಪರೀಕ್ಷೆ, ನಾನಿಲ್ಲದಿದ್ದರೆ ಆಗುವುದೇ ಇಲ್ಲ ಎಂದು ಮರಾಠಿಯಲ್ಲಿ ಸಾರಿದಳು. ರಿಕ್ಷಾದಲ್ಲಿ ಅನುಸೂಯಾಳ ಕೈಯನ್ನೂ ಹಿಡಿದುಕೊಂಡಳು.

ಪರೀಕ್ಷಕರಾಗಿ ಹೊರಗಿನಿಂದ ಹಿರಿಯರೊಬ್ಬರು ಬಂದಿದ್ದರು. ಅನುಸೂಯಾ ಹಿಂದೆ ನಿಂತು ಉಡಿಸುವುದನ್ನು ಕಂಡು ಅವರ ಹುಬ್ಬು ಏರಿತು, ಆದರೆ ಕೈ ಓಡುವ ಓಟ ನೋಡಿ ಸುಮ್ಮನಾದರು. ಗಂಟು ಬಿತ್ತು, ಕಚ್ಚೆ ಕೂತಿತು, ಸೆರಗು ಎಡ ಹೆಗಲಿಗೇ ಬಂತು. ಮುಂದಿನ ನಿರಿಗೆ ಅರ್ಧಕ್ಕೆ ಬಂದಾಗ ಅವರು ಲೋಕಾಭಿರಾಮವಾಗಿ ಕೇಳಿದರು: "ಯಾ ತುಮಚ್ಯಾ ಕೋಣ?" ಇವರು ನಿಮಗೇನಾಗಬೇಕು?

ಅನುಸೂಯಾಳ ಗಮನವೆಲ್ಲ ಬೆರಳುಗಳಲ್ಲಿತ್ತು. ಎಷ್ಟೋ ವರ್ಷದಿಂದ ಇಂಥ ಪ್ರಶ್ನೆಗೆಲ್ಲ ಹೇಳಿ ಹೇಳಿ ರೂಢಿಯಾದ ಉತ್ತರವೇ ಬಾಯಿಂದ ಬಂತು. "ಕೋಣೀ ನಾಹೀ." ಯಾರೂ ಅಲ್ಲ.

ತೋಳುಗಳ ನಡುವೆ ಆ ಮೈ ಸೆಟೆದುಕೊಂಡಿತು. ಏನು ಹೇಳಿಬಿಟ್ಟೆ ಎಂದು ಅನುಸೂಯಾಗೆ ಆಗ ತಿಳಿಯಿತು. ರಂಗೂಬಾಯಿ ತಿರುಗಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ, ಅಲ್ಲಿದ್ದ ಮತ್ತಾರಿಗೂ ತಿಳಿಯದ ಕನ್ನಡದಲ್ಲಿ ಮೆಲ್ಲಗೆ ಅಂದಳು:

"ಯಾರೂ ಅಲ್ಲಂದ್ರ ಬಿಡವಾ ನನ್ನ. ಹಿಂಗ ಅಪ್ಪಿಕೊಂಡ್ಯಾಕ ನಿಂತೀದಿ?"

ಅನುಸೂಯಾ ಕೊನೆಯ ನಿರಿಗೆ ಹಿಡಿದು, ಎಲ್ಲವನ್ನೂ ಸೇರಿಸಿ ಸೊಂಟಕ್ಕೆ ಸಿಕ್ಕಿಸಿದಳು. ಪರೀಕ್ಷಕರು ತಲೆದೂಗಿ, ಆಯಿತು, ಇನ್ನು ಬಿಡಿ ಎಂದು ಮುಂದಿನವರ ಕಡೆ ಹೊರಟರು.

"ಬಿಡಂಗಿಲ್ರಿ" ಅಂದಳು ಅನುಸೂಯಾ, ಕನ್ನಡದಲ್ಲಿ, ಇಡೀ ಕೋಣೆಗೆ ಕೇಳುವಂತೆ. ಅವಳ ಕೈ ಮುದುಕಿಯ ಸೊಂಟದ ಮೇಲೆ ಅಲ್ಲೇ ಇತ್ತು.