ಗೆರೆಯ ಕೆಳಗಿನ ಗುಲಾಬಿ

“ರೇಡಿಯೊ ಬೇಡ. ಓದು,” ಎಂದರು ಅತ್ತೆ.

ಸೊಸೆ ಕೈಯಲ್ಲಿದ್ದ ನೀಲಿ ಡಬ್ಬಿಯ ಮುಂಭಾಗದ ಬರಹವನ್ನು ಆಗಷ್ಟೇ ಜಾಹೀರಾತಿನ ಹೆಂಗಸಿನ ದನಿಯಲ್ಲಿ, ಜೇನು ಸುರಿದ ಹಾಗೆ, “ಚಂದ್ರಕಾಂತಿ… ನೀವು ಮಲಗಿದರೂ ಎಚ್ಚರವಾಗಿರುವ ಕ್ರೀಮ್” ಎಂದು ಉಲಿದಿದ್ದಳು. ಬೇರೆ ಯಾರಾಗಿದ್ದರೂ ನಗುತ್ತಿದ್ದರು. ಅತ್ತೆ ಡಬ್ಬಿಯನ್ನು ಅವಳ ಕೈಯಲ್ಲೇ ತಿರುಗಿಸಿ, ಹಿಂಬದಿಯಲ್ಲಿ ಇರುವೆಸಾಲಿನಂತಿದ್ದ ಅಕ್ಷರಗಳ ಮೇಲೆ ಪೆನ್ಸಿಲಿನ ತುದಿ ಇಟ್ಟರು. “ಇದನ್ನ.”

ಊಟದ ಮೇಜಿನ ಮೇಲೆ ಏಳು ಡಬ್ಬಿ, ಬಾಟಲಿಗಳು ಕವಾಯತಿಗೆ ನಿಂತ ಹಾಗೆ ಸಾಲಾಗಿ ನಿಂತಿದ್ದವು. ಅವುಗಳ ಎದುರು ಕೂತಿದ್ದ ಸೊಸೆಯ ಮುಖ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಮೂರು ವಾರದಿಂದ ಉರಿ. ಕೆನ್ನೆಯ ಮೇಲೆ ಹಳೇ ಗೋಡೆಯ ಸುಣ್ಣದಂತೆ ಹಕ್ಕಳೆ. ದೊಡ್ಡ ಅಂಗಡಿಯೊಂದರಲ್ಲಿ ಮುಖದ ಕ್ರೀಮು ಮಾರುವುದು ಅವಳ ಕೆಲಸ. ಮಾರುವವಳ ಮುಖವೇ ಹೀಗಾದರೆ ಕೊಳ್ಳುವವರು ಎಲ್ಲಿ ನಿಲ್ಲುತ್ತಾರೆ? ಅಂದು ಮಧ್ಯಾಹ್ನ ಮ್ಯಾನೇಜರ್ ಕರೆದು, ಎರಡು ಸಲ ಕೆಮ್ಮಿ, “ಹದಿನೈದು ದಿನ ರಜೆ ತಗೊಳ್ಳಮ್ಮ. ಸರಿಹೋಗದಿದ್ದರೆ ಗೋದಾಮಿನಲ್ಲಿ ಜಾಗ ನೋಡೋಣ” ಎಂದಿದ್ದರು.

ಗೋದಾಮು! ಅಲ್ಲಿ ಇರುವುದು ರಟ್ಟಿನ ಪೆಟ್ಟಿಗೆಗಳು. ಅವುಗಳಿಗೆ ಕಿವಿಯಿಲ್ಲ, ಬಾಯಿಯಿಲ್ಲ, ನಗುವಂತೂ ಇಲ್ಲ. ಅಂಗಡಿಯಲ್ಲಿ ಅವಳಿಗೆ ‘ರೇಡಿಯೊ’ ಎಂದೇ ಹೆಸರು. ಮ್ಯಾನೇಜರರ ಜೋಡಿಕೆಮ್ಮು, ಚೌಕಾಶಿ ಮಾಡುವ ಅಜ್ಜಿ, ಸುಗಂಧದ ಶೀಶೆ ಮೂಸಿ ಸೀನುವ ಗಂಡಸು, ಯಾರ ದನಿ ಬೇಕಾದರೂ ಅವಳ ಗಂಟಲಲ್ಲಿ ಬಾಡಿಗೆಗಿತ್ತು. ಊಟದ ವೇಳೆ ಗೆಳತಿಯರು ಹಟ ಹಿಡಿದು ಕೇಳುತ್ತಿದ್ದುದು ಮಾತ್ರ ಅತ್ತೆಯ ದನಿಯನ್ನು. ಅದಕ್ಕೆ ಬೇಕಾದ ಮಾತು ಒಂದೇ: “ಎಷ್ಟು?”

ಅತ್ತೆ ಬ್ರೆಡ್ ಕಾರ್ಖಾನೆಯ ತೂಕದ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ತಲೆನೋವು ಎಂದರೆ “ಎಷ್ಟು?” ಬಿಸಿಲು ಎಂದರೆ “ಎಷ್ಟು?” ಮದುವೆಯಾದ ಹೊಸತರಲ್ಲಿ ಮಗ “ನನಗಿವಳು ಅಂದ್ರೆ ಪ್ರಾಣ” ಎಂದಾಗಲೂ ಅವರು ತಲೆಯೆತ್ತಿ ನೋಡಿದ್ದರಂತೆ, ಇನ್ನೇನು ಕೇಳಿಯೇಬಿಡುವವರ ಹಾಗೆ.

“ಮೊದಲು ಡಾಕ್ಟರ ಹತ್ರ ಹೋಗ್ತೀನಿ ಅತ್ತೆ,” ಎಂದಿದ್ದಳು ಸೊಸೆ.

“ಹೋಗು. ಏನೇನು ಹಚ್ಚಿದ್ದೆ ಅಂತ ಅವರು ಕೇಳಿದ್ರೆ?”

ಅವಳು ಬಚ್ಚಲ ಕಪಾಟಿನಿಂದ ಏಳನ್ನೂ ತಂದು ಮೇಜಿನ ಮೇಲೆ ಇಟ್ಟಿದ್ದಳು. ಗಿರಾಕಿಗಳಿಗೆ ಹಚ್ಚಿ ತೋರಿಸಿ ಅರ್ಧ ಉಳಿದ ಬಾಟಲಿಗಳು ಪುಕ್ಕಟೆ ಮನೆಗೆ ಬರುತ್ತಿದ್ದವು. ಬಂದದ್ದೆಲ್ಲ ಮುಖಕ್ಕೆ. ಉರಿ ಶುರುವಾದಾಗ ಉರಿ ತಣಿಸುವ ಕ್ರೀಮು, ಅದೂ ಉರಿದಾಗ ಇನ್ನೊಂದು.

ಈಗ ಅವಳು ರಾಗವಿಲ್ಲದೆ ಓದತೊಡಗಿದಳು. “ನೀರು. ಗ್ಲಿಸರಿನ್. ಗ್ಲೈಕೋಲಿಕ್ ಆಸಿಡ್…”

“ನಿಲ್ಲು. ಮೊದಲು ಬರೆದಿರೋದೇ ಜಾಸ್ತಿ ಇರೋದಾ?”

“ಹೂಂ. ತೂಕದ ಪ್ರಕಾರ ಇಳಿಸ್ತಾ ಬರೀಬೇಕು. ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ ಇರೋದನ್ನ ಮಾತ್ರ ಕೊನೇಲಿ ಹೇಗೆ ಬೇಕಾದರೂ ಬರೀಬಹುದು.”

“ನಮ್ಮ ಬ್ರೆಡ್ಡಿನ ಚೀಟೀಲೂ ಮೊದಲು ಹಿಟ್ಟು.” ಅತ್ತೆಯ ಕಣ್ಣು ಹೊಳೆಯಿತು. “ಕೆಡದ ಹಾಗೆ ಹಾಕೋ ಪುಡಿ ನಮ್ಮಲ್ಲಿ ಚಿಟಿಕೆಯಷ್ಟು. ಇದರಲ್ಲಿ ಕೆಡದ ಹಾಗೆ ಇಡೋದು ಯಾವುದು?”

“ಫಿನಾಕ್ಸಿಎಥೆನಾಲ್.”

“ಎಷ್ಟು?”

“ನೂರಕ್ಕೆ ಒಂದಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ ಅಂತ ತರಬೇತೀಲಿ…” ತರಬೇತಿಯಲ್ಲಿ ಗಿಳಿಯಂತೆ ಉರು ಹೊಡೆದಿದ್ದ ವಾಕ್ಯ ಈಗ ಮೊದಲ ಸಲ ಕಣ್ಣು ಬಿಟ್ಟು ಅವಳನ್ನು ನೋಡಿತು.

ಅತ್ತೆ ಆ ಉದ್ದ ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು. “ಹಾಗಾದ್ರೆ ಇದರ ಕೆಳಗಿರೋದೆಲ್ಲ ಚಿಟಿಕೆ. ಡಬ್ಬಿ ಮೇಲೆ ಚಿತ್ರ ಇರೋ ಗುಲಾಬಿ ಎಲ್ಲಿದೆ?”

ಗೆರೆಯ ಕೆಳಗೆ, ಕಟ್ಟಕಡೆಯಲ್ಲಿ, ಬಸ್ಸಿನ ಬಾಗಿಲಿಗೆ ಜೋತುಬಿದ್ದವರ ಹಾಗಿತ್ತು ಗುಲಾಬಿ. ಮೇಲೆ, ಮೂರನೆಯ ಆಸನದಲ್ಲಿ ಕಾಲು ಚಾಚಿ ಕೂತಿತ್ತು ಆಸಿಡ್.

“ಈ ಆಸಿಡ್ ಏನು ಮಾಡುತ್ತೆ?”

“ಸತ್ತ ಚರ್ಮ ಎಬ್ಬಿಸಿ ತೆಗೆಯುತ್ತೆ. ಹದವಾಗಿದ್ರೆ ಒಳ್ಳೇದೇ ಅತ್ತೆ, ಹೊಳಪು ಬರುತ್ತೆ.”

“ಉಳಿದವನ್ನೂ ಓದು.”

ಓದಿದಳು. ‘ಬೆಳ್ಳಿಬೆಳಗು’ ಫೇಸ್‌ವಾಶಿನಲ್ಲಿ ಅದೇ ಆಸಿಡ್. ‘ಮುತ್ತಿನ ನೀರಿ’ನಲ್ಲಿ ಅದೇ. ಹನಿಹನಿಯಾಗಿ ಹಾಕುವ ಸೀರಮ್ಮಿನಲ್ಲಿ ಅದು ನೀರಿನ ಪಕ್ಕದಲ್ಲೇ. ಪ್ರತಿ ಸಲವೂ ಅತ್ತೆ ಆ ಬಾಟಲಿಯನ್ನು ಎಡಕ್ಕೆ ಸರಿಸಿದರು. ಉರಿ ತಣಿಸುವ ಎರಡರಲ್ಲೂ ಘಮಘಮ ಸುಗಂಧ; ಕೆರಳಿದ ಚರ್ಮಕ್ಕೆ ಅದೂ ಉರಿಯೇ, ಅವನ್ನೂ ಎಡಕ್ಕೆ. ಬಲಕ್ಕೆ ಉಳಿದದ್ದು ಹೂವಿಲ್ಲದ, ಚಂದ್ರನಿಲ್ಲದ, ಮಾರಲು ಹೋದರೆ ಅವಳಿಗೇ ಆಕಳಿಕೆ ಬರುತ್ತಿದ್ದ ಒಂದು ಬಿಳಿ ಡಬ್ಬಿ: ನೀರು, ಗ್ಲಿಸರಿನ್, ಪೆಟ್ರೋಲಿಯಂ ಜೆಲ್ಲಿ, ಇನ್ನು ನಾಲ್ಕೇ ನಾಲ್ಕು ಹೆಸರು.

“ಒಂದೇ ಹಿಟ್ಟಿಗೆ ನಾಲ್ಕು ಜನ ಬಂದು ಬಂದು ಉಪ್ಪು ಹಾಕಿದ್ದೀರಿ,” ಎಂದರು ಅತ್ತೆ. “ಆ ನಾಲ್ಕು ಜನಾನೂ ನೀನೇ.”

ಹೆಸರು ಬೇರೆಯಾದರೆ ಮಾಲೂ ಬೇರೆ ಎಂದು ಆರು ವರ್ಷ ಹಾಡಿ ಹಾಡಿ ಮಾರಿದ್ದಳಲ್ಲ, ಆ ಹಾಡಿಗೆ ಮೊದಲು ಮರುಳಾದವಳು ಅವಳೇ. ನಗು ಬಂತು, ನಕ್ಕರೆ ಕೆನ್ನೆ ಉರಿಯಿತು. ಅತ್ತೆ ಮೊಣಕೈ ಊರಿ, ಮುಂದೆ ಬಾಗಿ, ಬೆರಳ ಹಿಂಬದಿಯನ್ನು ಅವಳ ಕೆನ್ನೆಗೆ ತಾಗಿಸಿದರು. ಉಬ್ಬುತ್ತಿರುವ ಹಿಟ್ಟಿನ ಶಾಖ ನೋಡುವವರ ಹಾಗೆ, ಅದಕ್ಕೆ ನೋವಾಗದ ಹಾಗೆ. ಮನೆಗೆ ಬಂದ ನಾಲ್ಕು ವರ್ಷದಲ್ಲಿ ಅವರು ಅವಳ ಮುಖ ಮುಟ್ಟಿದ್ದು ಅದೇ ಮೊದಲು.

“ಬರೀ ನೀರಲ್ಲಿ ತೊಳಿ. ಇದೊಂದನ್ನೇ ಹಚ್ಚು. ವಾರದಲ್ಲಿ ಇಳೀದಿದ್ರೆ ಈ ಏಳನ್ನೂ ಚೀಲಕ್ಕೆ ಹಾಕ್ಕೊಂಡು ಡಾಕ್ಟರ ಹತ್ರ ಇಬ್ಬರೂ ಹೋಗೋಣ.”

ಮೂರನೇ ದಿನ ಅವಳ ಕೈ ತಾನಾಗಿಯೇ ಮುತ್ತಿನ ನೀರಿನ ಕಡೆ ಹೋಯಿತು. ಬಾಟಲಿ ಖಾಲಿಯಾಗಿತ್ತು, ಅತ್ತೆ ಅದರಲ್ಲಿ ಬಚ್ಚಲಿನ ನಲ್ಲಿ ತಿಕ್ಕಿದ್ದರು. ನಲ್ಲಿ ಫಳಫಳ ಹೊಳೆಯುತ್ತಿತ್ತು. ಆರನೇ ದಿನ ಉರಿ ಇಳಿಯಿತು. ಹದಿನಾಲ್ಕನೇ ದಿನ ಕನ್ನಡಿಯಲ್ಲಿ ಅವಳದೇ ಮುಖ ಕಂಡಿತು, ಸ್ವಲ್ಪ ಕೆಂಪಾಗಿ, ಸ್ವಲ್ಪ ನಾಚಿದ ಹಾಗೆ.

ಸೋಮವಾರ ಕೌಂಟರಿನಲ್ಲಿ ನಿಂತಾಗ ಗೆಳತಿಯರು ದೂರದಿಂದಲೇ “ರೇಡಿಯೊ, ಅತ್ತೆ ಸ್ಟೇಷನ್ ಹಾಕೇ!” ಎಂದು ಕೂಗಿದರು. ಮ್ಯಾನೇಜರ್ ಕಂಬದ ಪಕ್ಕ ನಿಂತು ಅವಳ ಕೆನ್ನೆಯನ್ನು ಎಡದಿಂದಲೂ ಬಲದಿಂದಲೂ ಪರಿಶೀಲಿಸಿ, ತಲೆಯಾಡಿಸಿದರು. ಆಗಲೇ ಒಬ್ಬಾಕೆ ಬಂದಳು. ಗಲ್ಲದ ಬಳಿ ಕೆಂಪು, ಕೈಯಲ್ಲಿ ನೀಲಿ ಡಬ್ಬಿ.

“ಇದರಲ್ಲಿ ಗುಲಾಬಿ ಇದೆಯಂತಲ್ಲ?”

“ಎಷ್ಟು?” ಎಂದಳು ಸೊಸೆ.

ಗೆಳತಿಯರು ನಗಲು ಬಾಯಿ ತೆರೆದವರು ಹಾಗೇ ನಿಂತರು. ಅದು ಅತ್ತೆಯ ಮಾತೇ, ಆದರೆ ದನಿ ಬಾಡಿಗೆಯದಲ್ಲ, ಅವಳದೇ. ಅವಳು ಕಿವಿಯ ಹಿಂದಿನಿಂದ ಗಿಡ್ಡ ಪೆನ್ಸಿಲು ತೆಗೆದು, ಡಬ್ಬಿ ತಿರುಗಿಸಿ, ಗೆರೆ ಎಳೆದು, ಬೆರಳಿಟ್ಟು ಒಂದೊಂದೇ ಹೆಸರು ಓದಿ ಹೇಳಿದಳು. ಆಮೇಲೆ, “ಮನೇಲಿ ಇನ್ನೇನೇನು ಹಚ್ತೀರಿ?” ಎಂದಳು. ಆಕೆ ಬಿಳಿ ಡಬ್ಬಿ ಕೊಂಡು ಹೋಗುವಷ್ಟರಲ್ಲಿ ಹಿಂದೆ ಇನ್ನಿಬ್ಬರು ಕಾದಿದ್ದರು.

ನೀಲಿ ಡಬ್ಬಿ ಮಾರಾಟವಾಗಲಿಲ್ಲ. ಕಂಬದ ಪಕ್ಕದಿಂದ ಜೋಡಿಕೆಮ್ಮು ಕೇಳಿಸಿತು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು.

ಮ್ಯಾನೇಜರ್ ಹತ್ತಿರ ಬಂದು, ಅತ್ತಿತ್ತ ನೋಡಿ, ಕೋಟಿನ ಒಳಜೇಬಿನಿಂದ ತಾವೇ ಹಚ್ಚಿಕೊಂಡು ಅರ್ಧ ಖಾಲಿಯಾಗಿದ್ದ ಒಂದು ಪುಟ್ಟ ಟ್ಯೂಬು ತೆಗೆದು, ಹಿಂಬದಿ ಮೇಲೆ ಬರುವ ಹಾಗೆ ಅವಳ ಮುಂದಿಟ್ಟರು.